ಮೊದಲು ನೋಡಬೇಕಾದವಳು

ಹೊಳೆಯ ದಂಡೆಯ ಆ ಮಠದಲ್ಲಿ ಗುರುವನ್ನು ಯಾರೂ ನೇರವಾಗಿ ಪ್ರಶ್ನೆ ಕೇಳುವಂತಿರಲಿಲ್ಲ.

ಬಂದವರು ಹೊರಗೆ ಬೇವಿನ ಕಟ್ಟೆಯ ಮೇಲೆ ಕೂರಬೇಕು. ಶಿಷ್ಯೆ ಅವರ ಮಾತನ್ನೆಲ್ಲ ಕೇಳಿಸಿಕೊಂಡು, ಅದನ್ನು ಒಂದೇ ಪ್ರಶ್ನೆಯಾಗಿ ಮಾಡಿ ಒಳಗೆ ಒಯ್ಯಬೇಕು. ಒಳಗಿಂದ ಬಂದ ಉತ್ತರವನ್ನು ಹೊರಗೆ ತಂದು ಮುಟ್ಟಿಸಬೇಕು. ಹಿಂದಿನಿಂದ ನಡೆದು ಬಂದ ಪದ್ಧತಿ ಅದು.

ಗುರುವಿನ ಹೆಸರು ಚನ್ನವೀರಮ್ಮ. ಎಲ್ಲರೂ ಕರೆಯುತ್ತಿದ್ದುದು ತಾಯಿಯವರು ಎಂದು. ಮಠಕ್ಕೆ ಬರುವ ಮೊದಲು ಮೂವತ್ತು ವರ್ಷ ಸುತ್ತಿನ ಊರುಗಳಲ್ಲಿ ಸೂಲಗಿತ್ತಿಯಾಗಿದ್ದವರು. ಈಗ ಮೊಣಕಾಲು ಸೋತು ಒಳಗಿನ ಕೋಣೆಯಲ್ಲೇ ಕೂತಿರುತ್ತಿದ್ದರು.

ಶಿಷ್ಯೆ ಮುಕ್ತಾ. ಬಂದು ಮೂರು ವರ್ಷವಾಗಿತ್ತು. ಓದಿದ್ದೆಲ್ಲ ಬಾಯಿಪಾಠ. ಜನರ ಗೋಳನ್ನು ಸೋಸಿ, ಗುರುವಿನ ಮುಂದೆ ಇಡಲು ತಕ್ಕ ದೊಡ್ಡ ಪ್ರಶ್ನೆ ಮಾಡುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅವಳ ನಂಬಿಕೆ. ಹೊಲದ ಬದುವಿನ ಜಗಳ ತಂದವನ ಮಾತು ಅವಳ ಬಾಯಲ್ಲಿ "ಮಮಕಾರದ ಬೇರು ಎಲ್ಲಿದೆ?" ಎಂದಾಗುತ್ತಿತ್ತು. ಸಿಕ್ಕ ಉತ್ತರ ಹಿಡಿದುಕೊಂಡು ಆ ಮನುಷ್ಯ ತಲೆ ಕೆರೆದುಕೊಳ್ಳುತ್ತ ಊರಿಗೆ ಹೋಗುತ್ತಿದ್ದ. ಮುಕ್ತಾಗೆ ಮಾತ್ರ ಅಂದು ಊಟ ರುಚಿಯಾಗುತ್ತಿತ್ತು.

ಒಂದು ಮುಂಜಾನೆ ಕಟ್ಟೆಯ ಮೇಲೆ ಒಬ್ಬ ಹೆಂಗಸು ಬಂದು ಕೂತಳು. ಹೊಳೆಯಾಚೆಯ ಊರಿನವಳು, ಹೆಸರು ಕಸ್ತೂರಿ. ಕೈತುಂಬ ಹಸಿರು ಬಳೆ. ಹೊಟ್ಟೆ ತುಸು ಮುಂದೆ ಬಂದಿತ್ತು.

"ಐದು ತಿಂಗಳಾತ್ರಿ ಅವ್ವಾರ" ಎಂದಳು. "ಮೊದಲನೇದು. ಸ್ಕ್ಯಾನಿಂಗ್ ಮಾಡಿಸಿದ್ವಿ. ಕೂಸಿನ ತಲಿಬುರುಡಿ ಬೆಳದಿಲ್ಲಂತ. ಹುಬ್ಬಿನ ಮ್ಯಾಲ ಏನೂ ಇಲ್ಲಂತ. ಹುಟ್ಟಿದ್ರೂ ಉಳಿಯೂದಿಲ್ಲಂತ. ಇಬ್ಬರು ಡಾಕ್ಟ್ರು ನೋಡಿ ಅದನ್ನ ಹೇಳಿದ್ರು. ನಾಳಿ ಮುಂಜಾನಿ ದೊಡ್ಡ ದವಾಖಾನಿಗೆ ಸೇರಬೇಕು. ತಗಸೂದು ಅಂತ ಗಟ್ಟಿ ಮಾಡೇನಿ."

ಇನ್ನೂ ಏನೇನೋ ಹೇಳಿದಳು. ದನಿ ಸಣ್ಣದಾಗುತ್ತ ಹೋಯಿತು. ಆದರೆ ಮುಕ್ತಾ ಆಗಲೇ ಮನಸ್ಸಿನಲ್ಲಿ ಪ್ರಶ್ನೆ ಕಟ್ಟತೊಡಗಿದ್ದಳು. ಇಷ್ಟು ದೊಡ್ಡ ವಿಷಯ ಈ ಕಟ್ಟೆಗೆ ಎಂದೂ ಬಂದಿರಲಿಲ್ಲ. ಅವಳು ಎದ್ದು ಒಳಗೆ ಹೋದಳು.

"ತಾಯೀ, ಉಳಿಯದ ಜೀವವನ್ನು ಮೊದಲೇ ತೆಗೆಯುವುದು ಪಾಪವೋ, ಅಲ್ಲವೋ?"

ತಾಯಿಯವರು ಮೊರದಲ್ಲಿ ಬೇಳೆ ಆರಿಸುತ್ತಿದ್ದರು.

"ಯಾರ ಪ್ರಶ್ನೆ ಇದು?"

"ಹೊರಗ ಕುಂತಾಕಿದು."

"ಅಕಿ ಪಾಪ ಅಂದಳೇನು?"

ಮುಕ್ತಾ ತಡವರಿಸಿದಳು. "ಇಲ್ರಿ. ಆದ್ರ ಒಳಗಿಂದ ಅದನ್ನ ಕೇಳಾಕತ್ತಿದ್ಲು ಅನಸ್ತು."

"ಅಕಿ ಆಡದ ಮಾತು ಅಕಿ ತಲಿಗ್ಯಾಕ ಕಟ್ಟತಿ? ಅಕಿ ಮೊದಲ ಹೊತ್ತಿದ್ದು ಸಾಲದೇನು? ಹೋಗು, ಮತ್ತ ಕೇಳು."

ಮುಕ್ತಾ ಹೊರಗೆ ಬಂದಳು. ಕಸ್ತೂರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಮುಕ್ತಾ ಎದುರಿಗೆ ನಿಂತೇ ಕೇಳಿದಳು.

"ಭಾಳ ದುಃಖ ಆಗೈತಲ್ರಿ ಅಕ್ಕಾರ?"

"ಹೂಂರಿ" ಎಂದಳು ಕಸ್ತೂರಿ. ಮುಕ್ತಾಗೆ ಅಷ್ಟು ಸಾಕಾಯಿತು, ಒಳಗೆ ಹೋದಳು.

"ತಾಯೀ, ದುಃಖಕ್ಕೆ ಕೊನೆ ಎಲ್ಲಿದೆ?"

ತಾಯಿಯವರು ಮೊರವನ್ನು ಕೆಳಗಿಟ್ಟರು.

"ನಾಳಿ ಅಕಿ ಜೋಡಿ ಯಾರು ಹೋಗ್ತಾರ?"

ಮುಕ್ತಾಗೆ ಗೊತ್ತಿರಲಿಲ್ಲ.

"ಅಕಿಗೆ ಅವ್ವ ಅದಾಳೋ ಇಲ್ಲೋ?"

ಅದೂ ಗೊತ್ತಿರಲಿಲ್ಲ. "ಹೇಳಿದ್ಲು ಅನಸ್ತೈತ್ರಿ" ಎಂದಳು. ಕಿವಿ ಬಿಸಿಯಾಗಿತ್ತು.

"ಹೊಳಿಯಿಂದ ಕೊಡ ತುಂಬಿ ತರೂ ಮುಂದ ನೀರಿಗೆ ಏನರ ಕೂಡಸ್ತಿಯೇನು?"

"ಇಲ್ರಿ."

"ಹಂಗ ತಗೊಂಡು ಬಾ."

ಹೊರಗೆ ಬಂದರೆ ಕಸ್ತೂರಿ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಳು.

"ಬಿಡ್ರಿ ಅವ್ವಾರ, ನಿಮಗೂ ತ್ರಾಸ. ಹನ್ನೊಂದರ ಬಸ್ಸಿಗೆ ಹೋಗ್ತೀನಿ. ಹೆಂಗೋ ಆಗ್ತೈತಿ."

ಮುಕ್ತಾಗೆ ಆಗ ಹೊಳೆಯಿತು. ಈ ಹೆಂಗಸು ನಾಳೆ ಏನೂ ತಿಳಿಯದೆ, ಬಹುಶಃ ಒಬ್ಬಳೇ, ಆ ದವಾಖಾನೆಯ ಮೆಟ್ಟಿಲು ಹತ್ತುತ್ತಾಳೆ. ಅದಕ್ಕೆ ಕಾರಣ ತಾನು. ಮೂರು ವರ್ಷದಲ್ಲಿ ಇಷ್ಟು ನಾಚಿಕೆ ಅವಳಿಗೆ ಎಂದೂ ಆಗಿರಲಿಲ್ಲ.

ಅವಳು ಕಟ್ಟೆಯ ಮೇಲೆ ಕೂತಳು. "ಇನ್ನೊಮ್ಮೆ ಹೇಳ್ರಿ. ಮೊದಲು ನಾ ಕೇಳಿಸಿಕೊಳ್ಳಲಿಲ್ಲ."

ಕಸ್ತೂರಿ ಚಪ್ಪಲಿ ಕಳಚಿ ಪಕ್ಕದಲ್ಲಿ ಕೂತು ಹೇಳಿದಳು. ಈ ಸಲ ಮುಕ್ತಾ ಏನನ್ನೂ ಕಟ್ಟಲಿಲ್ಲ. ಎದ್ದು ಒಳಗೆ ಹೋಗಿ, ಕೇಳಿದ್ದನ್ನು ಕೇಳಿದಂತೆಯೇ ಒಪ್ಪಿಸಿದಳು.

"ಅವ್ವ ತೀರಿಕೊಂಡು ನಾಕು ವರ್ಷ ಆತಂತ್ರಿ. ಅತ್ತಿ ಬಸರಿ ಕುಬಸಕ್ಕ ದಿನ ಗೊತ್ತು ಮಾಡಿ ಹಸರ ಸೀರಿ ತಂದಿಟ್ಟಿದ್ಲಂತ. ಸುದ್ದಿ ಕೇಳಿದಾಗಿಂದ ಮಾತ ಬಿಟ್ಟಾಳ, ದವಾಖಾನಿಗೆ ಒಲ್ಲೆ ಅಂದಾಳ. ಗಂಡ ಯಮನಪ್ಪ ಬರ್ತಾನಂತ, ಆದ್ರ ಗಂಡಸರನ್ನ ಆ ಕೋಣ್ಯಾಗ ಬಿಡೂದಿಲ್ಲಂತ. ಏನೇನು ಒಯ್ಯಬೇಕು ಗೊತ್ತಿಲ್ಲಂತ. ಭಾಳ ನೋಯ್ತೈತೇನು ಅಂತ ಕೇಳಿದ್ಲು. ಮತ್ತ, ಕೂಸಿನ ಮಾರಿ ನೋಡಬೇಕೋ ಬ್ಯಾಡೋ ಅಂತ. ಮನ್ಯಾಗ ಎಲ್ಲಾರೂ ನೋಡಬ್ಯಾಡ ಅಂತಾರಂತ. ನೋಡಿದ್ರ ಅಂಜತೀನಿ, ನೋಡಲಿಲ್ಲಂದ್ರ ಹೆಂಗ ಬಿಟ್ಟು ಬರ್ಲಿ ಅಂದ್ಲು."

ತಾಯಿಯವರು ಮೊರವನ್ನು ಮೂಲೆಗೆ ಸರಿಸಿದರು.

"ಅಕಿನ್ನ ಒಳಗ ಕರಕೊಂಡು ಬಾ."

ಆ ಮಠದಲ್ಲಿ ಅಂಥದ್ದು ಹಿಂದೆಂದೂ ನಡೆದಿರಲಿಲ್ಲ. ಮುಕ್ತಾ ಕರೆತಂದಳು.

ತಾಯಿಯವರು ಕಸ್ತೂರಿಯನ್ನು ಹತ್ತಿರ ಕೂರಿಸಿಕೊಂಡರು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ.

"ಗುಳಿಗಿ ಕೊಡ್ತಾರ. ಆಮ್ಯಾಗ ಬ್ಯಾನಿ ಬರ್ತಾವ. ಒಂದು ದಿನಾನೂ ಹಿಡೀಬಹುದು. ಸುಳ್ಳು ಹೇಳೂದಿಲ್ಲ ಮಗಳ, ಹಡದಂಗ ಇರ್ತೈತಿ. ನೋವಿಗೆ ಔಷಧ ಕೇಳಿ ತಗೋ. ಕೇಳಾಕ ನಾಚಬ್ಯಾಡ. ಕಾಗದಪತ್ರ, ಸ್ಕ್ಯಾನಿಂಗ್ ರಿಪೋರ್ಟು ಎಲ್ಲಾ ಒಂದ ಚೀಲದಾಗ ಇರಲಿ. ಹಳೀ ಮೆತ್ತನ ಅರಿವಿ ಭಾಳಷ್ಟು ತಗೊಂಡು ಹೋಗು. ರಗತ ಹೋಗೂದು ಹೆಚ್ಚಾತು ಅನಿಸಿದ್ರ, ಮೈ ಸುಟ್ಟಂಗಾದ್ರ, ಮನಿಗೆ ಬಂದ ಮ್ಯಾಲೂ ಸುಮ್ಮನ ಮಲಗಬ್ಯಾಡ. ಹೊಳ್ಳಿ ದವಾಖಾನಿಗೆ ಹೋಗು."

ಕಸ್ತೂರಿ ತಲೆಯಾಡಿಸಿದಳು.

"ಎರಡು ಮೂರು ದಿನದ ಮ್ಯಾಲ ಎದಿಗೆ ಹಾಲು ಬರ್ತೈತಿ."

ಕಸ್ತೂರಿ ತಲೆಯೆತ್ತಿದಳು. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

"ಕೂಸು ಇಲ್ಲದಿದ್ರೂ ಬರ್ತೈತೇನ್ರಿ?"

"ಎದಿಗೆ ಅದು ತಿಳಿಯೂದಿಲ್ಲ. ಹಿಂಡಬ್ಯಾಡ. ತಣ್ಣೀರಿನ ಅರಿವಿ ಇಟ್ಕೋ. ತಾನ ಬತ್ತತೈತಿ. ಡಾಕ್ಟ್ರಿಗೂ ಕೇಳು."

ಕಸ್ತೂರಿ ಆಗ ಅತ್ತಳು. ಡಾಕ್ಟರ ಮುಂದೆ, ಗಂಡನ ಮುಂದೆ, ಅತ್ತೆಯ ಮುಂದೆ ಎಲ್ಲೂ ಅಳದವಳು ಹಾಲಿನ ಮಾತಿಗೆ ಅತ್ತುಬಿಟ್ಟಳು. ತಾಯಿಯವರು ತಡೆಯಲಿಲ್ಲ. ಮುಗಿಯುವವರೆಗೆ ಕಾದರು.

"ಓಣ್ಯಾಗಿನವರು ಏನಾತು ಅಂತ ಕೇಳ್ತಾರ. ಏನಂತಿ?"

"ಗೊತ್ತಿಲ್ರಿ."

"ಇಲ್ಲೇ ಹುಡುಕು. ಅವರ ಮುಂದ ನಿಂತು ಹುಡುಕಾಕ ಆಗೂದಿಲ್ಲ. ಒಂದ ಮಾತು ಇದ್ರ ಸಾಕು."

ಕಸ್ತೂರಿ ಕಣ್ಣೊರೆಸಿಕೊಂಡು ಯೋಚಿಸಿದಳು. "'ಕೂಸು ಉಳಿಯೂ ಹಂಗ ಇರಲಿಲ್ಲ' ಅಂತೀನ್ರಿ."

"ಆತು. ಅದಕ್ಕ ಮುಂದ ಒಂದೂ ಕೂಡಸಬ್ಯಾಡ. ಮತ್ತ ಕೂಸನ್ನ ದವಾಖಾನ್ಯಾಗ ಬಿಡ್ತೀರೋ, ತರ್ತೀರೋ?"

"ಮಣ್ಣು ಮಾಡಾಕ ಹೊಲದಾಗ ಕುಣಿ ತಗಿತೀನಿ ಅಂದಾರ್ರಿ ನಮ್ಮನಿಯವರು."

"ಹಂಗಾದ್ರ ಇವತ್ತ ತಗೀಲಿ. ಆಮ್ಯಾಗ ಕೈ ನಡಗ್ತಾವ."

ಮುಕ್ತಾ ಬಾಗಿಲಿಗೆ ಒರಗಿ ನಿಂತು ಎಲ್ಲ ಕೇಳುತ್ತಿದ್ದಳು. ತಾನು ಇಷ್ಟು ದಿನ ಹೊತ್ತು ತಂದ ಯಾವ ಪ್ರಶ್ನೆಗೂ ತಾಯಿಯವರು ಹೀಗೆ ಮನಸ್ಸಿಟ್ಟು ಉತ್ತರ ಕೊಟ್ಟಿರಲಿಲ್ಲ.

"ಮಾರಿ ನೋಡ್ಲೋ ಬ್ಯಾಡೋ ತಾಯೀ?" ಕಸ್ತೂರಿ ಈಗ ತಾನೇ ಕೇಳಿದಳು.

ತಾಯಿಯವರು ಮುಕ್ತಾಳ ಕಡೆ ತಿರುಗಿದರು.

"ನಾಳಿ ನೀ ಇಕಿ ಜೋಡಿ ಹೋಗು. ಮೊದಲು ನೀ ನೋಡು. ನೋಡಿದ್ದನ್ನ ನೋಡಿದಂಗ ಇಕಿಗೆ ಹೇಳು. ಆಮ್ಯಾಗ ನೋಡೂದು ಬಿಡೂದು ಇಕಿ ಕೈಯಾಗ."

"ನನ್ನ ಕೈಲೆ ಆಗೂದಿಲ್ರಿ ತಾಯೀ. ನಾ ಒಂದು ಹೆರಿಗೀನೂ ನೋಡಿದಾಕಿಯಲ್ಲ."

"ಅಕೀನೂ ನೋಡಿಲ್ಲ."

ಮರುದಿನ ಮುಕ್ತಾ ಹೋದಳು.

ದೊಡ್ಡ ದವಾಖಾನೆಯಲ್ಲಿ ನರ್ಸು ಕಸ್ತೂರಿಯ ಬಳೆ ತೆಗೆಯಲು ಹೇಳಿದಳು. ಮುಕ್ತಾ ಸೋಪು ಹಚ್ಚಿ ಒಂದೊಂದಾಗಿ, ಒಡೆಯದಂತೆ ತೆಗೆದು ಕರವಸ್ತ್ರದಲ್ಲಿ ಕಟ್ಟಿದಳು. ಗುಳಿಗೆ ಕೊಟ್ಟರು. ನೋವು ನಿಧಾನಕ್ಕೆ ಬಂತು, ಬಂದ ಮೇಲೆ ಬಿಡಲಿಲ್ಲ. ಬಾಯಿಪಾಠ ಮಾಡಿದ್ದರಲ್ಲಿ ಒಂದು ಸಾಲೂ ಮುಕ್ತಾಳ ನೆನಪಿಗೆ ಬರಲಿಲ್ಲ. ಅವಳು ಕಸ್ತೂರಿಯ ಸೊಂಟ ತಿಕ್ಕಿದಳು, ನೀರು ಕುಡಿಸಿದಳು. ನೋವಿಗೆ ಔಷಧ ಕೊಡಿ ಎಂದು ನರ್ಸಿಗೆ ಎರಡು ಸಲ ಗಟ್ಟಿಯಾಗಿ ಹೇಳಿದಳು.

ಎರಡನೆಯ ದಿನ ಮಧ್ಯಾಹ್ನ ಮುಗಿಯಿತು.

ನರ್ಸು ಪರದೆಯ ಆಚೆ ಸ್ಟೀಲಿನ ಟ್ರೇ ಇಟ್ಟು, ಮೇಲಿನ ಬಟ್ಟೆ ಸರಿಸಿದಳು. ಮುಕ್ತಾ ನೋಡಿದಳು. ಮೊದಲು ಗೋಡೆ ಹಿಡಿದುಕೊಳ್ಳಬೇಕಾಯಿತು. ಆದರೂ ಕಣ್ಣು ತೆಗೆಯದೆ ಅಲ್ಲೇ ನಿಂತಳು. ಅವಸರ ಮಾಡಲಿಲ್ಲ. ಆಮೇಲೆ ಕಸ್ತೂರಿ ತಂದಿದ್ದ ಮೆತ್ತನೆಯ ಹಳೆ ಅರಿವೆ ತೆಗೆದುಕೊಂಡು ಕೂಸನ್ನು ತನ್ನ ಕೈಯಾರೆ ಸುತ್ತಿ ಅಲ್ಲೇ ಮಲಗಿಸಿ, ಪರದೆ ಸರಿಸಿ ಕಸ್ತೂರಿಯ ಹತ್ತಿರ ಬಂದಳು.

"ಹೆಣ್ಣು ಕೂಸು" ಎಂದಳು. "ಹುಬ್ಬಿನ ಮ್ಯಾಲ ಇಲ್ಲ, ಡಾಕ್ಟ್ರು ಹೇಳಿದಂಗ. ಕಣ್ಣು ದೊಡ್ಡವು, ಹೊರಗ ಬಂದಾವ. ತಲಿಗೆ ಕುಲಾಯಿ ಹಾಕಿದಂಗ ಅರಿವಿ ಸುತ್ತೇನಿ. ಮೈ ಕೆಂಪಗೈತಿ, ಭಾಳ ಸಣ್ಣದೈತಿ. ಬಾಯಿ ನಿಮ್ಮದ ಐತಿ. ಕೈ ಬೆರಳು ಎಲ್ಲಾ ಅದಾವ."

ಕಸ್ತೂರಿ ಮಂಚದ ಕಂಬಿಯನ್ನೇ ನೋಡುತ್ತಿದ್ದಳು.

"ಅಂಜಿಕಿ ಬರ್ತೈತೇನು?"

"ಮೊದಲು ಬರ್ತೈತ್ರಿ. ನನಗೂ ಬಂತು. ನೋಡ್ತಾ ನಿಂತೆ, ಹೋತು."

ಹೊರಗೆ ಯಾರೋ ಯಾರನ್ನೋ ಕೂಗಿ ಕರೆಯುತ್ತಿದ್ದರು.

"ತಗೊಂಡು ಬಾ ತಂಗಿ" ಎಂದಳು ಕಸ್ತೂರಿ.

ಅವಳು ನೋಡಿದಳು. ಆ ಸಣ್ಣ ಕೈಯನ್ನು ತನ್ನ ಬೆರಳ ಮೇಲೆ ಇಟ್ಟುಕೊಂಡಳು. ಮುಕ್ತಾ ಅಲ್ಲೇ ಕೂತಿದ್ದಳು. ಸಂಜೆಯ ಹೊತ್ತಿಗೆ ಯಮನಪ್ಪ ಕೂಸಿನ ಗಂಟನ್ನು ಎದೆಗೆ ಅವುಚಿಕೊಂಡು ಹೊಲಕ್ಕೆ ಹೋದ. ಕುಣಿ ತಯಾರಿತ್ತು.

ಮೂರನೆಯ ದಿನ ದವಾಖಾನೆಯವರು ಕಸ್ತೂರಿಯನ್ನು ಮನೆಗೆ ಬಿಟ್ಟರು; ಅವಳನ್ನೂ ಯಮನಪ್ಪನನ್ನೂ ಬಸ್ಸು ಹತ್ತಿಸಿ ಸಂಜೆ ಮುಕ್ತಾ ಮಠಕ್ಕೆ ಬಂದಳು. ಹಂಡೆಯ ಕೆಳಗೆ ಬೆಂಕಿ ಮಾಡಿ ಸ್ನಾನಕ್ಕೆ ನೀರಿಟ್ಟು, ತಾಯಿಯವರ ಕೋಣೆಯ ಹೊಸ್ತಿಲ ಹತ್ತಿರ ನಿಂತಳು. ಸೀರೆಯಿಂದ ಇನ್ನೂ ದವಾಖಾನೆಯ ವಾಸನೆ ಬರುತ್ತಿತ್ತು.

"ಅಕಿ ನೋಡಿದಳು ತಾಯೀ."

"ಹೂಂ."

"ನಾ ನೋಡಿದ್ದನ್ನ ನೋಡಿದಂಗ ಹೇಳಿದೆ. ಏನೂ ಮುಚ್ಚಲಿಲ್ಲ. ಆದ್ರ ಕಡೀಕ ಒಂದು ಸುಳ್ಳು ಹೇಳಿದೆ."

"ಏನಂದಿ?"

"ಬಸ್ ಸ್ಟ್ಯಾಂಡಿನ್ಯಾಗ ನನ್ನ ಕೈ ಹಿಡಕೊಂಡು ಕೇಳಿದ್ಲು, 'ತಂಗಿ, ನಿನಗ ಭಾಳ ತ್ರಾಸ ಆತಲ್ಲ?' ಅಂತ. ಏನೂ ಆಗಿಲ್ಲ ಅಂದೆ."

ತಾಯಿಯವರು ಚಾಪೆಯ ಮೇಲೆ ತುಸು ಸರಿದು ಪಕ್ಕದಲ್ಲಿ ಜಾಗ ಮಾಡಿದರು.

"ನೀರು ಕಾಯಾಕ ಇನ್ನೂ ಹೊತ್ತೈತಿ. ಅಲ್ಲೀತನಕ ಅಳು. ನಾ ಇಲ್ಲೇ ಕುಂತಿರ್ತೀನಿ."