ಬಿರುಕಿನ ಮೇಲಿನ ಬೊಟ್ಟು

ತಪ್ಪು ಸ್ಪ್ಯಾನರಿನದು. ಅಂಚೆಯಲ್ಲಿ ಬಂದ ಸೈಕಲ್ಲಿನ ಕಾರ್ಬನ್ ಫ್ರೇಮನ್ನು ಅದು ಕಬ್ಬಿಣವೆಂದುಕೊಂಡು ಬಿಗಿಯಿತು.

ಮರುದಿನ ಸಾವಕ್ಕ ಆ ಸೈಕಲ್ ಹತ್ತಿ ರೇಸಿಗೆ ಇಳಿಯಬೇಕಿತ್ತು. ಚಕ್ರ, ಚೈನು, ಹ್ಯಾಂಡಲ್ಲು ಎಲ್ಲ ಕೂಡಿಕೊಂಡಿದ್ದವು. ಸೀಟನ್ನು ಫ್ರೇಮಿಗೆ ಬಿಗಿಯುವ ಪುಟ್ಟ ಬೋಲ್ಟೊಂದೇ ಬಾಕಿ. ಫ್ರೇಮಿನ ನೋವು ಮೊದಲು ತಟ್ಟಿದ್ದು ಆ ಬೋಲ್ಟಿಗೇ.

"ಸಾಕು ಅಣ್ಣಾ. ಇದು ಕಬ್ಬಿಣವಲ್ಲ, ಹೆಚ್ಚು ಹಿಂಡಿದರೆ ಸೀಳುತ್ತದೆ. ಎಷ್ಟು ಬಿಗಿಯಬೇಕೆಂದು ಪೆಟ್ಟಿಗೆಯ ಚೀಟಿಯಲ್ಲೇ ಬರೆದಿದೆ, ಓದು" ಎಂದಿತು ಬೋಲ್ಟು.

"ಬೆರಳುದ್ದ ಇಲ್ಲ, ನನಗೇ ಪಾಠವೇ? ನಿನ್ನಂಥ ಸಾವಿರ ಬೋಲ್ಟುಗಳನ್ನು ತಿರುಗಿಸಿದವನು ನಾನು!" ಎಂದು ಸ್ಪ್ಯಾನರ್ ಇನ್ನೊಂದು ಸುತ್ತು ತಿರುಗಿತು.

ಫ್ರೇಮ್ ಟಿಕ್ಕೆಂದಿತು. ಬೋಲ್ಟಿನ ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು ಮೂಡಿತು.

ಸ್ಪ್ಯಾನರ್ ನಾಚಲಿಲ್ಲ. ಹೊಸ ಸೈಕಲ್ಲಿನ ಪೂಜೆಗೆಂದು ತಂದಿಟ್ಟಿದ್ದ ಕುಂಕುಮವನ್ನು ಕರೆಯಿತು. "ಇದರ ಮೇಲೆ ಬೊಟ್ಟಾಗಿ ಕೂರು ತಾಯಿ. ನಿನ್ನನ್ನು ಒರೆಸುವ ಧೈರ್ಯ ಯಾರಿಗಿದೆ?" ಕುಂಕುಮ ತೆಪ್ಪಗೆ ಕೂತಿತು.

ಬೆಳಿಗ್ಗೆ ಸಾವಕ್ಕ ಬೊಟ್ಟಿಗೆ ಕೈಮುಗಿದು ಸೈಕಲ್ ಹತ್ತಿದಳು. ಬೋಲ್ಟು ಯೋಚಿಸಲು ಹೊತ್ತು ತೆಗೆದುಕೊಳ್ಳಲಿಲ್ಲ. "ಇವಳ ಜೀವಕ್ಕಿಂತ ನನ್ನ ಮರ್ಯಾದೆ ದೊಡ್ಡದಲ್ಲ" ಎಂದು ಅಂಗಳದಲ್ಲೇ ಹಿಡಿತ ಬಿಟ್ಟಿತು. ಸೀಟು ಕುಸಿಯಿತು.

"ದ್ರೋಹಿ! ಶುಭದ ಹೊತ್ತು ಕೆಡಿಸಿದೆ!" ಎಂದು ಸ್ಪ್ಯಾನರ್ ಅರಚಿತು.

ಸಾವಕ್ಕ ಇಳಿದು, ಸೀಟಿನ ಬುಡ ನೋಡಲು ಬಗ್ಗಿ, ಅಡ್ಡವಿದ್ದ ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸಿದಳು. ಬಿರುಕು ಕಂಡಿತು. ರೇಸು ಹೋಯಿತು, ಜೀವ ಉಳಿಯಿತು.

ನಿಮ್ಮ ಊರಲ್ಲೂ ಬೊಟ್ಟಿಟ್ಟ ಬಿರುಕುಗಳಿವೆ. ಕೈಮುಗಿದದ್ದು ಸಾಕು. ಇವತ್ತೇ ಒರೆಸಿ ನೋಡಿ.