ಬೂದಿ ಹಾಸಿ ಮನೆ ಅಳೆದ ದಾವಲಸಾಬ

ಬಹಳ ಹಿಂದಿನ ಮಾತು. ನಮ್ಮಜ್ಜನ ಅಜ್ಜ ಆಗ ತೊಟ್ಟಿಲಲ್ಲಿದ್ದನೋ, ಇನ್ನೂ ತೊಟ್ಟಿಲಿಗೇ ಬಂದಿರಲಿಲ್ಲವೋ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಕರಿಹಳ್ಳ ಅಂತ ಒಂದೂರು. ಆ ಊರಲ್ಲಿ ದಾವಲಸಾಬ ಅಂತ ಒಬ್ಬ ಗೌಂಡಿ. ಕಲ್ಲು ಮಣ್ಣು ಹಿಡಿದು ಮನೆ ಕಟ್ಟೋದು ಅವನ ಕಸುಬು. ಅವನು ಕಟ್ಟಿದ ಗೋಡೆಗೆ ಆನೆ ಬಂದು ಮೈ ತಿಕ್ಕಿದರೂ ಹಿಡಿ ಮಣ್ಣು ಉದುರುತ್ತಿರಲಿಲ್ಲವಂತೆ. ಮೂಲೆ ಸರಿ ಇದೆಯೋ ಸೊಟ್ಟ ಇದೆಯೋ, ಬರಿಗಣ್ಣಲ್ಲೇ ಹೇಳುತ್ತಿದ್ದನಂತೆ. ಇರುವೆ ಸಾಲು ಸೊಟ್ಟಗೆ ಹೋದರೆ ಅವನಿಗೆ ಊಟ ಸೇರುತ್ತಿರಲಿಲ್ಲ ಅಂತಾರೆ ಕೆಲವರು. ಅದು ಸುಳ್ಳು ಅಂತಾರೆ ಇನ್ನು ಕೆಲವರು. ಇರಲಿ. ಅಂಥ ದಾವಲಸಾಬನನ್ನೂ ಒಂದು ಮನೆ ದಿಕ್ಕು ತಪ್ಪಿಸಿತು. ಅದನ್ನು ಹೇಳುತ್ತೇನೆ.

ಆ ಊರಲ್ಲಿ ಬಣವಿಯವರು ಅಂತ ಒಂದು ಮನೆತನ. ಅವರ ಹಳೇ ಮನೆ ಹಳ್ಳದ ದಂಡೆ ಮೇಲಿತ್ತು. ಒಂದು ವರ್ಷ ಹಳ್ಳ ತನ್ನ ದಾರಿ ಬಿಟ್ಟು ಬಂದು ದಂಡೆ ಕೊರೆಯಿತು, ಹಿಂದಿನ ಗೋಡೆ ಕುಸಿಯಿತು. ಆವತ್ತು ಒಳಗೆ ಮಲಗಿದ್ದ ಕೂಸನ್ನು ಎತ್ತಿಕೊಂಡು ಹೊರಗೆ ಓಡಿದವಳು ಹಿರಿಯ ಸೊಸೆ ಕಾಶವ್ವ. ಕೂಸು ಉಳಿಯಿತು, ಅವಳ ಎಡಗಾಲಿನ ಬೆರಳು ಕಲ್ಲಿನಡಿ ಹೋದವು. ಆಮೇಲೆ ಅವಳು ಎಡಗಾಲು ಎಳೆದೇ ನಡೆಯುತ್ತಿದ್ದಳು.

ಕಾಶವ್ವನ ಗಂಡ ಆಗಲೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮೈದುನರು ಮೂವರು: ಸಿದ್ರಾಮ, ಮಲಕಪ್ಪ, ಗುಂಡಪ್ಪ. ಮೂವರನ್ನೂ ಉಣ್ಣಿಸಿ ಬೆಳೆಸಿ ಮದುವೆ ಮಾಡಿದವಳು ಅವಳೇ. ಮೂವರು ಮೈದುನರು, ಅವರ ಮೂವರು ಹೆಂಡಿರು, ನಾಲ್ಕು ಮಕ್ಕಳು, ಮೇಲೆ ಕಾಶವ್ವ. ಒಟ್ಟು ಹನ್ನೊಂದು ಜನ ಊರ ಮೇಲಿನ ದಿಬ್ಬದಲ್ಲಿ ಚಪ್ಪರ ಹಾಕಿಕೊಂಡು ಕೂತರು. ಮುಂಗಾರಿನ ಮಿರಗದ ಮಳೆಗೆ ಒಂದೂವರೆ ತಿಂಗಳಿತ್ತು. ಅಷ್ಟರೊಳಗೆ ಗೋಡೆ ಏಳಬೇಕು. ದಾವಲಸಾಬನಿಗೆ ಹೇಳಿ ಕಳಿಸಿದರು.

ದಾವಲಸಾಬ ಬಂದ, ದಿಬ್ಬ ಸುತ್ತಿದ, ಮಣ್ಣು ಮೂಸಿದ, ಅಳತೆಯ ಹುರಿಹಗ್ಗ ಬಿಚ್ಚಿದ. ಆ ಕಾಲದಲ್ಲಿ ಮನೆ ಅಳೆಯುತ್ತಿದ್ದದ್ದು ಯಜಮಾನನ ಪಾದದಿಂದ. ಯಜಮಾನನ ಪಾದ ಎಷ್ಟೋ ಅಷ್ಟರ ಲೆಕ್ಕದಲ್ಲಿ ಉದ್ದ, ಅಗಲ, ಬಾಗಿಲು, ಎಲ್ಲಾ.

"ಮನಿ ಯಜಮಾನ ಯಾರ್ರೀ? ಕಾಲ ಮುಂದ ಇಡ್ರಿ," ಅಂದ.

ಮೂರು ಕಾಲು ಮುಂದೆ ಬಂದವು.

ಅಲ್ಲಿಂದ ಶುರುವಾಯಿತು ನೋಡಿ. ಸಿದ್ರಾಮ ತಾನು ಈಗ ಹಿರಿಯ ಅಂದ. ಮಲಕಪ್ಪ ಹೊಲ ನೋಡೋನು ತಾನು ಅಂದ. ಗುಂಡಪ್ಪ, ದಿಬ್ಬದ ಜಾಗ ತನ್ನ ಹೆಂಡತಿಯ ತವರವರು ಕೊಟ್ಟದ್ದು ಅಂದ. ದಾವಲಸಾಬ ಜಗಳ ಬೇಡ ಅಂತ ಮೂರೂ ಪಾದ ಅಳೆದ. ಮೂರು ಪಾದಕ್ಕೆ ಮೂರು ಮನೆ ಹುಟ್ಟಿದವು. ಸಿದ್ರಾಮನಿಗೆ ತಲೆಬಾಗಿಲು ಮೂಡಲಿಗಿರಬೇಕು, ಎದ್ದ ಕೂಡಲೇ ಎತ್ತಿನ ಮುಖ ಕಾಣಬೇಕು. ಮಲಕಪ್ಪನಿಗೆ ಬಾಗಿಲು ಬಡಗಲಿಗೆ, ಕಾಳಿನ ಕೋಣೆ ನಟ್ಟನಡುವೆ. ಗುಂಡಪ್ಪನಿಗೆ ಪಡಸಾಲೆ ದೊಡ್ಡದು, ಬೀಗರು ಬಂದರೆ ಸಾಲಾಗಿ ಕೂರಬೇಕು. ದಾವಲಸಾಬ ಸುಣ್ಣದ ಪುಡಿಯಲ್ಲಿ ಮೂರೂ ಮನೆಯನ್ನು ಒಂದೇ ದಿಬ್ಬದ ಮೇಲೆ ಗೀಚಿದ. ಗೆರೆ ಮೇಲೆ ಗೆರೆ ಬಿದ್ದವು. ಸಿದ್ರಾಮನ ಅಡುಗೆ ಮನೆಯಲ್ಲಿ ನಿಂತರೆ ಬಲಗಾಲು ಮಲಕಪ್ಪನ ಎತ್ತಿನ ಗೋದಲಿಯಲ್ಲಿ, ಎಡಗಾಲು ಗುಂಡಪ್ಪನ ದೇವರ ಜಗಲಿ ಮೇಲೆ!

ಊರವರು ನೋಡಲು ಬಂದರು. ಬಂದವರೆಲ್ಲ ಒಂದೊಂದು ಮಾತು ಹೇಳಿದರು. ಒಬ್ಬ ಬಚ್ಚಲು ಇಲ್ಲಿ ಬೇಡ ಅಂದ, ಮತ್ತೊಬ್ಬ ಅಲ್ಲೇ ಬೇಕು ಅಂದ. ಮಧ್ಯಾಹ್ನದ ಹೊತ್ತಿಗೆ ಮೂವರು ಹೆಂಡಿರೂ ಒಬ್ಬೊಬ್ಬರೇ ಬಂದು, "ಯಣ್ಣಾ, ನಾ ಹೇಳೀನಂತ ಹೇಳಬ್ಯಾಡ" ಅಂತ ಮತ್ತೆ ಮೂರು ಥರ ಹೇಳಿ ಹೋದರು.

ದಾವಲಸಾಬ ಅಳಿಸಿದ, ಬರೆದ, ಅಳಿಸಿದ. ಒಂದು ದಿನ ಅಲ್ಲ, ಒಂಬತ್ತು ದಿನ ಅಂತಾರೆ. ಆದರೆ ಅವನನ್ನು ಹಣ್ಣು ಮಾಡಿದ್ದು ಇದಲ್ಲ. ಮನೆ ಗೀಚಿದ ಮೇಲೆ ಅವನಿಗೊಂದು ರೂಢಿ: ಯಾರ್ಯಾರು ಎಲ್ಲೆಲ್ಲಿ ಮಲಗುತ್ತಾರೆ ಅಂತ ಮನೆಯವರು ತೋರಿಸಿದ ಕಡೆ ತಲೆಗೊಂದು ಹರಳು ಇಟ್ಟು ನೋಡುವುದು. ಸಿದ್ರಾಮನ ಮನೆಯಲ್ಲಿ ಹರಳು ಇಟ್ಟ, ಹತ್ತಾಯಿತು. ಮಲಕಪ್ಪನ ಮನೆಯಲ್ಲಿ ಇಟ್ಟ, ಹತ್ತು. ಗುಂಡಪ್ಪನದರಲ್ಲೂ ಹತ್ತು. ಚಪ್ಪರದಲ್ಲಿ ನೋಡಿದರೆ ಹನ್ನೊಂದು ಜನ. ಮತ್ತೆ ಎಣಿಸಿದ. ಕೈಯಲ್ಲಿ ಒಂದು ಹರಳು ಉಳಿಯುತ್ತಿತ್ತು. ಎಲ್ಲಿಡಬೇಕು ತಿಳಿಯಲಿಲ್ಲ. ತನಗೆ ಅರಳುಮರಳು ಬಂತೋ ಏನೋ ಅಂತ ಹೆದರಿದ. ಮನೆಗೆ ಹೋಗಿ ತನ್ನ ಕುರಿ ಎಣಿಸಿದನಂತೆ. ಕುರಿ ಸರಿ ಇದ್ದವು!

ಅತ್ತ ದಿಬ್ಬದ ಮೇಲೆ ಮಾತು ಬೆಳೆದಿತ್ತು. ಒಂದು ಮನೆ ಆಗದಿದ್ದರೆ ಬೇಡ, ದಿಬ್ಬ ಮೂರು ಪಾಲು ಮಾಡು, ಮೂರು ಗೂಡು ಕಟ್ಟು ಅಂದರು. ಮೂವರೂ ಒಪ್ಪಿದ್ದು ಅದೊಂದೇ ಮಾತು. ದಾವಲಸಾಬ ಕಟ್ಟಲು ಬಂದವನು, ಒಡೆಯಲು ಬಂದವನಲ್ಲ. ಏನು ಮಾಡಬೇಕು ಅಂತ ಅವನಿಗೂ ಗೊತ್ತಿರಲಿಲ್ಲ. ಗೊತ್ತಿದ್ದೇ ಮಾಡಿದ ಅಂತಾರೆ ಕೆಲವರು. ನನಗೇನೋ ಅವನು ತಲೆ ಕೆಟ್ಟು ಮಾಡಿದ ಅನಿಸುತ್ತದೆ.

ಮರುದಿನ ಬೆಳಿಗ್ಗೆ ಕುಂಬಾರರ ಆವಿಗೆಯಿಂದ ಎರಡು ಬಂಡಿ ಬೂದಿ ತರಿಸಿದ. ಗೆರೆ ಎಲ್ಲಾ ಗುಡಿಸಿ ದಿಬ್ಬದ ತುಂಬ ಬೂದಿ ಹಾಸಿದ. ಒಲೆ ಹೂಡಿಸಿದ, ಬೀಸುಕಲ್ಲು ತರಿಸಿದ, ಎತ್ತು ಕಟ್ಟಿಸಿದ.

"ಗೋಡಿ ಇಲ್ಲ, ಬಾಗ್ಲ ಇಲ್ಲ. ಇವತ್ತೊಂದಿನ ಇಲ್ಲೇ ಬಾಳೇ ಮಾಡ್ರಿ. ಎಲ್ಲಿ ಹೆಜ್ಜಿ ಮೂಡತಾವ ಅಲ್ಲಿ ದಾರಿ ಬಿಡತೀನಿ. ಎಲ್ಲಿ ಬೂದಿ ಹಂಗ ಉಳೀತದ ಅಲ್ಲಿ ಗೋಡಿ ಏಳಸತೀನಿ," ಅಂದ.

ಗೌಂಡಿಗೆ ಹುಚ್ಚು ಹಿಡಿಯಿತು ಅಂತ ಊರು ನಕ್ಕಿತು. ಆದರೂ ಮಾಡಿದರು. ಬೀಸಿದರು, ಅಟ್ಟರು, ಉಂಡರು, ಮಕ್ಕಳು ಬಿದ್ದು ಹೊರಳಾಡಿದವು. ಹೊತ್ತು ಇಳಿಯುವಾಗ ದಾವಲಸಾಬ ಎಲ್ಲರನ್ನೂ ಹೊರಗೆ ನಿಲ್ಲಿಸಿ ಬೂದಿ ನೋಡಿದ.

ಸಿದ್ರಾಮನ ಹೆಜ್ಜೆ ಎತ್ತಿನಿಂದ ಊಟದ ತನಕ, ಅಷ್ಟೇ. ಮಲಕಪ್ಪನದು ಕಾಳಿನ ಚೀಲದ ಸುತ್ತ. ಗುಂಡಪ್ಪ ಒಂದೇ ಕಡೆ ಕೂತಿದ್ದ. ಆದರೆ ಇನ್ನೊಂದು ಹೆಜ್ಜೆ ಇತ್ತು. ಬಲಗಾಲು ಪೂರ್ತಿ ಮೂಡಿದ್ದು, ಎಡಗಾಲು ಎಳೆದ ಗೆರೆ. ಅದು ಒಲೆಯಿಂದ ಎತ್ತಿಗೆ ಹೋಗಿತ್ತು, ಎತ್ತಿನಿಂದ ನೀರಿಗೆ, ನೀರಿನಿಂದ ಮಕ್ಕಳಿಗೆ, ಮಕ್ಕಳಿಂದ ಮತ್ತೆ ಒಲೆಗೆ. ಹೋಗದ ಕಡೆ ಇರಲಿಲ್ಲ. ಆ ಹೆಜ್ಜೆ ಎಲ್ಲೂ ನಿಂತಿರಲಿಲ್ಲ, ಎಲ್ಲೂ ಕೂತಿರಲಿಲ್ಲ.

ದಾವಲಸಾಬ ಕೈಯಲ್ಲಿದ್ದ ಹರಳು ನೋಡಿದ. ಆಗ ಅವನಿಗೆ ತಿಳಿಯಿತು.

"ಸಿದ್ರಾಮಪ್ಪ, ನಿನ್ನ ಮನಿಯೊಳಗ ಕಾಶವ್ವಕ್ಕ ಎಲ್ಲಿ ಮಲಗತಾಳ?"

ಸಿದ್ರಾಮ ಮಲಕಪ್ಪನ ಮುಖ ನೋಡಿದ. ಅವಳು ಮಲಕಪ್ಪನ ಕಡೆ ಇರುತ್ತಾಳೆ ಅಂತ ತಿಳಿದಿದ್ದೆ ಅಂದ. ಮಲಕಪ್ಪ, ಗುಂಡಪ್ಪನ ಕಡೆ ಅಂದುಕೊಂಡಿದ್ದ. ಗುಂಡಪ್ಪ ಏನೂ ಅಂದುಕೊಂಡೇ ಇರಲಿಲ್ಲ. ಯಾರಿಗೂ ಅವಳ ಮೇಲೆ ಸಿಟ್ಟಿರಲಿಲ್ಲ, ಯಾರೂ ಬೇಕಂತ ಬಿಟ್ಟಿರಲಿಲ್ಲ. ಅದೇ ಅವರನ್ನು ಹೆಚ್ಚು ಕಂಗೆಡಿಸಿತು.

ಕಾಶವ್ವನೇ ನಾಚಿಕೊಂಡಳು. "ನನ್ನೇನ ಎಣಸತೀಯೋ ತಮ್ಮಾ, ನಾ ಎಲ್ಲ್ಯಾರ ಒಂದ ಮೂಲ್ಯಾಗ ಬೀಳತೀನಿ," ಅಂದಳು.

"ಮೂಲಿ ಗೋಡಿಗೆ ಬೇಕಕ್ಕಾ, ನಿನಗಲ್ಲ. ಕಾಲ ಮುಂದ ಇಡು," ಅಂದ ದಾವಲಸಾಬ.

ಅವಳು ಇಡಲಿಲ್ಲ. ಗುಂಡಪ್ಪನೇ ಬಗ್ಗಿ ಅವಳ ಕಾಲು ಹಿಡಿದು ಹುರಿಹಗ್ಗದ ಮೇಲೆ ಇಟ್ಟನಂತೆ. ಕುಸಿದ ಗೋಡೆಯಡಿಯಿಂದ ಅವಳು ಹೊತ್ತು ತಂದದ್ದು ಅವನ ಕೂಸನ್ನೇ. ಯಾವ ಕಾಲು ಅಂತ ಕೇಳಬೇಡಿ. ಬಲಗಾಲು ಅಂತಾರೆ ಮೇಲೋಣಿಯವರು. ಬೆರಳಿಲ್ಲದ ಎಡಗಾಲು, ಅದಕ್ಕೇ ಅಳತೆ ಚಿಕ್ಕದಾಗಿ ಆ ಮನೆ ಅಷ್ಟು ಒತ್ತಾಗಿತ್ತು ಅಂತಾರೆ ಕೆಳಗೋಣಿಯವರು. ಸಾಯೋತನಕ ಕೇಳಿದರೂ ದಾವಲಸಾಬ ಹೇಳಲಿಲ್ಲ. ಹೇಳಿದ, ಆದರೆ ಒಬ್ಬೊಬ್ಬರಿಗೆ ಒಂದೊಂದು ಹೇಳಿದ ಅಂತಲೂ ಅಂತಾರೆ.

ಮನೆ ಒಂದೇ ಆಯಿತು. ಮಿರಗದ ಮೊದಲ ಹನಿ ಬೀಳೋ ಹೊತ್ತಿಗೆ ಮಾಳಿಗೆ ಮೇಲೆ ಮಣ್ಣು ಬಿದ್ದಿತ್ತು. ಬಾಗಿಲು ಮೂಡಲಿಗೂ ಇರಲಿಲ್ಲ, ಬಡಗಲಿಗೂ ಇರಲಿಲ್ಲ, ಕಾಶವ್ವ ನೀರಿಗೆ ಹೋದ ಕಡೆ ಇತ್ತು. ಒಲೆಯ ಮಗ್ಗುಲಲ್ಲಿ, ಬೆಳಕಿಂಡಿ ಇದ್ದ ಒಂದು ಕೋಣೆ ಅವಳದು. ಮೊದಮೊದಲು ಅವಳಿಗೆ ಅದರಲ್ಲಿ ಏನು ಮಾಡಬೇಕು ತಿಳಿಯದೆ, ಬಾಗಿಲಲ್ಲಿ ನಿಂತು ನೋಡಿ ವಾಪಸು ಹೋಗುತ್ತಿದ್ದಳಂತೆ. ಒಂದು ದಿನ ಒಳಗೆ ಹೋಗಿ ಕೂತಳು. ಕಾಲು ಚಾಚಿದಳು.

ಈಗ ಆ ಮನೆ ಇಲ್ಲ. ದಾವಲಸಾಬನ ಗೋರಿ ಎಲ್ಲಿದೆ ಅನ್ನೋದರಲ್ಲೂ ಎರಡು ಮಾತಿದೆ. ಆದರೆ ಆ ಸೀಮೆಯಲ್ಲಿ ಇವತ್ತಿಗೂ ಹೊಸ ಮನೆ ಕಟ್ಟುವ ಮುಂಚೆ ಜಾಗಕ್ಕೆ ಬೂದಿ ಹಾಸಿ ಮನೆಮಂದಿಯೆಲ್ಲ ಒಂದು ಹೊತ್ತು ಉಣ್ಣುತ್ತಾರೆ. ಗೌಂಡಿ ದೂರ ಕೂತು ನೋಡುತ್ತಾನೆ. ಊಟ ಮುಗಿದ ಮೇಲೆ ಎದ್ದು ಬಂದು, ಯಜಮಾನ ಯಾರು ಅಂತ ಕೇಳುವುದಿಲ್ಲ.

"ನಿಮ್ಮನ್ಯಾಗ ಕಡೀಕ ಉಣ್ಣಾವ್ರು ಯಾರ್ರೀ?" ಅಂತ ಕೇಳುತ್ತಾನೆ. ಅಲ್ಲಿಂದ ಎಣಿಸಲು ಶುರು ಮಾಡುತ್ತಾನೆ.