ಭೂತಕ್ಕೆ ಹೋಳಿಗೆ ಕಲಿಸಿದ ತಿಮ್ಮಿ

ಕೇಳು ಪುಟ್ಟಕ್ಕ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ನನ್ನ ಮೀಸೆಯಾಣೆ, ನಿಮ್ಮಜ್ಜಿ ನನಗೆ ಹೇಗೆ ಹೇಳಿದಳೋ ಹಾಗೇ ಹೇಳ್ತೀನಿ. ಈಗಿನ ಕಂಪ್ಯೂಟರಿನೋರು ಒಂದು ಕೆಲಸಕ್ಕೆ ಹೆಸರಿಟ್ಟು, ಬೇಕಾದಾಗ ಆ ಹೆಸರು ಕರೆದು ಮಾಡಿಸೋದಕ್ಕೆ ಫಂಕ್ಷನ್ನು ಫಂಕ್ಷನ್ನು ಅಂತ ಮೆರೀತಾರಲ್ಲ, ಅದನ್ನು ಮೊಟ್ಟಮೊದಲು ಮಾಡಿ ತೋರಿಸಿದ್ದು ನಮ್ಮ ವಂಶದ ಹೆಣ್ಣುಮಕ್ಕಳೇ.

ಒಂದಾನೊಂದು ಕಾಲದಲ್ಲಿ, ಕಂಪ್ಯೂಟರ್ ಹಾಗಿರಲಿ, ಬೆಂಕಿಪೊಟ್ಟಣವೂ ಇಲ್ಲದ ಕಾಲದಲ್ಲಿ, ಸಿದ್ದಮ್ಮ ಅಂತ ಒಬ್ಬಳಿದ್ದಳಂತೆ, ಅವಳಿಗೆ ಹೊನ್ನಿ, ಚೆಲುವಿ, ತಿಮ್ಮಿ ಅಂತ ಮೂರು ಹೆಣ್ಣುಮಕ್ಕಳಂತೆ. ಹೊನ್ನಿಗೆ ಮದುವೆ ಗೊತ್ತಾಯಿತು, ಬೀಗರೋ ನಾಲಗೆ ಚಪಲದೋರು, ಮೊದಲು ಹೋಳಿಗೆ, ಆಮೇಲೆ ಧಾರೆ ಅಂದುಬಿಟ್ಟರಂತೆ. ಅಷ್ಟರಲ್ಲಿ ಸಿದ್ದಮ್ಮ ಅಟ್ಟದಿಂದ ಬಿದ್ದು ಕೈ ಮುರಿದುಕೊಂಡಳು, ಮಕ್ಕಳು ತಟ್ಟಿದ ಹೋಳಿಗೆಯೋ ಕಾವಲಿ ಮೇಲೆ ಬಿರಿದು ಹೂರಣವೆಲ್ಲ ಹೊರಗೆ. ಮದುವೆ ಮುರೀತು ಅಂತ ಹೊನ್ನಿ ಗೋಳೋ ಅಂತ ಅತ್ತಳಂತೆ.

ಹಿತ್ತಲ ಹುಣಸೆಮರದಲ್ಲಿ ಒಂದು ಭೂತವಿತ್ತು, ಅಮಾವಾಸ್ಯೆಗೊಮ್ಮೆ ಸಿದ್ದಮ್ಮ ಇಡೋ ಮೊಸರನ್ನ ಉಂಡ ಋಣಕ್ಕೆ ಅದು ಇಳಿದು ಬಂತಂತೆ. ಅಳಬೇಡ್ರವ್ವ, ನಾನು ಮಾಡಿಕೊಡ್ತೀನಿ, ಆದರೆ ಹೇಳಿದಷ್ಟೇ ನನಗೆ ಗೊತ್ತು, ಮಾಡೋ ಬಗೇನ ಮೂರನೇ ಸಲ ಹೇಳಿದಿರೋ, ಬೇಜಾರಾಗಿ ಅವತ್ತಿಗೆ ಮರ ಹತ್ತಿಬಿಡ್ತೀನಿ, ಕೆಲಸಕ್ಕೊಂದು ಹೆಸರಿಟ್ಟು ಆ ಹೆಸರು ಹಿಡಿದು ಕರೀರಿ, ಎಷ್ಟು ಸಲ ಬೇಕಾದರೂ ಬರ್ತೀನಿ ಅಂತಂತೆ.

ಮೊದಲು ಹೊನ್ನಿ ಹೋದಳು. ಕಣಕ ತಗೋ, ಬೇಳೆ ಹೂರಣ ಇಡು, ಮುಚ್ಚು, ತಟ್ಟು, ಬೇಯಿಸು, ಎತ್ತಿ ಕೊಡು ಅಂದಳು, ಚಂದ್ರನಂಥ ಹೋಳಿಗೆ ಬಂತು. ಮತ್ತೆ ಅಷ್ಟೂ ಹೇಳಿದಳು, ಇನ್ನೊಂದು ಬಂತು. ಮೂರನೇದಕ್ಕೆ ಕಣಕ ಅನ್ನೋದರೊಳಗೆ ಭೂತ ಮರದ ತುದೀಲಿ!

ಮಾರನೇ ದಿನ ಚೆಲುವಿ, ಅಕ್ಕನಿಗೆ ಬುದ್ಧಿಯಿಲ್ಲ, ನೋಡ್ತಿರಿ ಅಂತ ಸೆರಗು ಸಿಕ್ಕಿಸಿ ಹೋದಳಂತೆ. ಭೂತಣ್ಣ, ಈ ಕೆಲಸಕ್ಕೆ ಗುಂಡಮ್ಮ ಅಂತ ಹೆಸರು, ಗುಂಡಮ್ಮ ಅಂದರೆ ಕಣಕದಲ್ಲಿ ಬೇಳೆ ಹೂರಣ ಇಟ್ಟು ಮುಚ್ಚಿ ತಟ್ಟಿ ಬೇಯಿಸಬೇಕು ಅಂತ ಒಂದೇ ಸಲಕ್ಕೆ ಕಲಿಸಿ, ಜಗಲಿ ಮೇಲೆ ಕಾಲು ಚಾಚಿ ಕೂತಳು. ಮಧ್ಯಾಹ್ನವಾದರೂ ಒಲೆ ತಣ್ಣಗಿದೆ. ಯಾಕೋ ಸೋಮಾರಿ ಅಂದರೆ, ಕಲಿಸಿದೆ, ಕರೀಲಿಲ್ಲವಲ್ಲ ತಾಯಿ ಅಂತಂತೆ. ಸರಿ, ಗುಂಡಮ್ಮಾ ಅಂತ ಕರೆದಳು. ಹೋಳಿಗೆ ಬೆಂತು, ಕಾವಲಿ ಮೇಲೇ ಸೀದು ಕರಿಕಲಾಯಿತು. ಎತ್ತಿ ಕೊಡು ಅಂತ ನೀನೇನು ಹೇಳಿದ್ದೆಯಾ ಅಂತ ಭೂತ ಅವಳನ್ನೇ ಗದರಿಸಿತಂತೆ.

ಆಮೇಲೆ ಮದುವೆ ದಿನ ಬಂದೇಬಿಟ್ಟಿತು. ಬೀಗರು ಚಪ್ಪರದಡಿ ಕೂತು, ಮಾವನಿಗೆ ಕಾಯಿ ಹೋಳಿಗೆ, ಅತ್ತೆಗೆ ಎಳ್ಳಿಂದು, ಮದುಮಗನಿಗೆ ಬೇಳೇದು ಅಂತ ಒಬ್ಬೊಬ್ಬರು ಒಂದೊಂದು ಕೇಳಿದರಂತೆ. ಹೊನ್ನಿಯ ಬಾಸಿಂಗವೇ ನಡುಗ್ತಿತ್ತು. ತಿಮ್ಮಿ ಮಾತ್ರ, ಹೆಸರೇನೋ ಚೆನ್ನಾಗಿದೆ ಚೆಲುವಕ್ಕ, ಆದರೆ ಹೂರಣ ಇಂಥದ್ದೇ ಅಂತ ಕಟ್ಟಿಹಾಕಬಾರದು ಅಂದಳಂತೆ. ಭೂತವನ್ನು ಕೂರಿಸಿಕೊಂಡು, ಗುಂಡಮ್ಮ ಅಂತ ಕರೆದಾಗ ಒಂದು ಹೂರಣ ಕೊಡ್ತೀನಿ, ಕಾಯೋ ಎಳ್ಳೋ ನಿನಗ್ಯಾಕೆ, ಕೊಟ್ಟದ್ದನ್ನು ಕಣಕದಲ್ಲಿಟ್ಟು ಮುಚ್ಚಿ ತಟ್ಟಿ ಬೇಯಿಸಿ, ಬೆಂದದ್ದನ್ನು ನನ್ನ ಕೈಗೆ ತಂದುಕೊಡು ಅಂತ ಕಲಿಸಿದಳು.

ಗುಂಡಮ್ಮಾ ಅಂತ ಕರೆದಳು. ಭೂತ ಬಂದು ಅಂಗೈ ಚಾಚಿ ಕಂಬದ ಹಾಗೆ ನಿಂತುಬಿಟ್ಟಿತು! ತಿಮ್ಮಿ ಹೂರಣದ ತಟ್ಟೆಗೆ ಓಡಿದಳು. ಅಯ್ಯೋ, ಹೂರಣ ಕೊಟ್ಟೇ ಇಲ್ಲ! ಗುಂಡಮ್ಮಾ, ತಗೋ ಕಾಯಿ ಅಂದಳು, ಬಿಸಿಬಿಸಿ ಹೋಳಿಗೆ ಕೈಗೆ ಬಂತು. ಗುಂಡಮ್ಮಾ, ತಗೋ ಎಳ್ಳು. ಗುಂಡಮ್ಮಾ, ತಗೋ ಬೇಳೆ. ಪಂಕ್ತಿ ಮೇಲೆ ಪಂಕ್ತಿ ಎದ್ದಿತು, ಎಲೆ ಖಾಲಿಯಾಗೋಕೆ ಬಿಡಲಿಲ್ಲವಂತೆ.

ಯಾರಮ್ಮ ಆ ಗುಂಡಮ್ಮ, ನಮ್ಮ ಎರಡನೇ ಮಗನಿಗೆ ತಂದುಕೊಳ್ತೀವಿ ಅಂದ ಮಾವ. ಅವಳು ಹೆಣ್ಣಲ್ಲ ಮಾವಯ್ಯ, ಕೆಲಸ, ಹೊನ್ನಕ್ಕನ ಜೊತೆ ನಿಮ್ಮನೆಗೇ ಬರ್ತಾಳೆ, ಹೂರಣ ಮಾತ್ರ ನೀವೇ ಕೊಡಬೇಕು ಅಂದಳು ತಿಮ್ಮಿ. ಬೀಗರೆಲ್ಲ ಎದ್ದು ನಿಂತು ಅವಳಿಗೆ ಕೈ ಮುಗಿದರಂತೆ. ಸಿದ್ದಮ್ಮ ಮುರಿದ ಕೈ ಎತ್ತಿಕೊಂಡು, ಇವಳು ನನ್ನ ಮಗಳು ಕಣ್ರೋ, ಮೂವರೂ ನನ್ನ ಮಕ್ಕಳೇ ಅಂತ ಊರಿಗೆಲ್ಲ ಕೇಳೋ ಹಾಗೆ ಕೂಗಿದಳಂತೆ. ಆಮೇಲೆ ಧಾರೆಯೂ ಆಯಿತು, ಹೊನ್ನಿ ಸುಖವಾಗಿ ಬಾಳಿದಳು, ಕತೆಯೂ ಮುಗಿದು ಮಲಗಿಕೊಂಡಿತು.

ಹೂಂ, ಒಂದೇ ಒಂದು ಚೂರು ನಾನು ಸೇರಿಸಿದ್ದು. ಬೀಗರು ಎದ್ದು ಕೈ ಮುಗಿಯಲಿಲ್ಲ ಪುಟ್ಟಕ್ಕ. ಅಷ್ಟು ತಿಂದ ಮೇಲೆ ಏಳೋಕೆ ಯಾರಿಂದ ಆಗತ್ತೆ?